ಅವ್ವನಿಗೆ ಓದಬೇಡ ಅಂದ ಸಾಲು

ಸಕಲೇಶಪುರ

ಚಿರಂಜೀವಿ ಮೊಮ್ಮಗನಿಗೆ ಅಜ್ಜಿಯ ಆಶೀರ್ವಾದಗಳು.

ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟ್ ತರಬೇತಿಯಿಂದ ನೀನು ಬರೆದ ಕಾಗದ ನಿನ್ನೆ ಸಿಕ್ಕಿತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದು ಓದಿದ ಮೇಲೆ ರಾತ್ರಿಯಿಡೀ ಕಣ್ಣು ಹತ್ತಲಿಲ್ಲ. ‘ನಿಜವಾದ ಗುಂಡು ಹಾರುವಾಗ ನನ್ನ ಕಾಲು ನಡುಗಿದರೆ ಏನು ಮಾಡಲಿ ಅಜ್ಜಿ? ಅಮ್ಮನಿಗೆ ಹೇಳಬೇಡ.’

ಯುದ್ಧದಲ್ಲಿ ನನ್ನ ಅಣ್ಣಯ್ಯ ಹೋದನೆಂದು ಟೆಲಿಗ್ರಾಂ ಬಂದ ದಿನದ ಕತೆ ನಿಮಗೆಲ್ಲ ಗೊತ್ತು, ಬಿಡು. ಗೊತ್ತಿಲ್ಲದ್ದು ಒಂದಿದೆ. 1971ರ ನವೆಂಬರಿನಲ್ಲಿ ಅಣ್ಣಯ್ಯನ ಕಾಗದ ಬಂತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಒಲೆ ಮುಂದೆ ಕೂತು ಓದಿ ಹೇಳುವವಳು ಒಂಬತ್ತನೇ ಕ್ಲಾಸಿನ ನಾನು. ಅಡಿಯಲ್ಲಿ ನನಗೆಂದೇ ಬರೆದಿದ್ದ: ‘ರಾತ್ರಿ ಪಹರೆಯಲ್ಲಿ ಕೈ ನಡುಗುತ್ತೆ ಕಣೇ. ಇದನ್ನ ಅವ್ವನಿಗೆ ಓದಬೇಡ.’ ಓದಲಿಲ್ಲ. ಮಳೆಗಾಲದ ಹೇಮಾವತಿಗೆ ಧುಮುಕುತ್ತಿದ್ದ ಅಣ್ಣಯ್ಯ ಹೀಗೆ ಬರೆಯುವುದೇ ಅಂತ ನನಗೆ ಸಿಟ್ಟು ಬಂತು. ‘ವೀರ ಮದ್ರಾಸಿ ಹೆದರ್ತಾನಾ? ನಾಚಿಕೆ ಆಗಲ್ವಾ ನಿಂಗೆ?’ ಅಂತ ಬರೆದು ಡಬ್ಬಕ್ಕೆ ಹಾಕಿದೆ. ಅವನಿಗೆ ನಾನು ಆಡಿದ ಕೊನೆಯ ಮಾತು ಅದು.

ಡಿಸೆಂಬರ್ 15ರ ರಾತ್ರಿ ಅಣ್ಣಯ್ಯನ ಪಡೆ, 16ನೇ ಮದ್ರಾಸಿನವರು, ಪಾಕಿಸ್ತಾನದ ಶಕರ್‌ಗಢದ ಕಡೆ ಬಸಂತರ್ ಹೊಳೆ ದಾಟಿದರು. ದಾರಿಯುದ್ದಕ್ಕೂ ಮೈನು ಹೂತ ನೆಲ. ಮಾರನೇ ದಿನ ಶತ್ರುಗಳ ಟ್ಯಾಂಕು ತಿರುಗಿಬಿದ್ದವು. ಅವರ ಕರ್ನಲ್ ವೇದ ಪ್ರಕಾಶ್ ಘಾಯ್ ಅವರೂ ಉಳಿಯಲಿಲ್ಲ, ಮಹಾವೀರ ಚಕ್ರ ಬಂತು. 17ಕ್ಕೆ ನಮ್ಮ ಶಾಲೆಯಲ್ಲಿ ಢಾಕಾ ಗೆದ್ದೆವೆಂದು ಸಕ್ಕರೆ ಹಂಚಿದರು, ನಾನೂ ತಿಂದೆ. ಅಣ್ಣಯ್ಯ ಹಿಂದಿನ ದಿನವೇ ಹೋಗಿದ್ದ. ಆ ಕಡೆ ಗುಂಡು ನಿಂತದ್ದು 17ರ ರಾತ್ರಿ ಎಂಟಕ್ಕೆ. ಕಾರ್ಗಿಲ್ ಕಾಲದಲ್ಲಿ ಬಾವುಟ ಹೊದಿಸಿ ಊರಿಗೆ ತಂದಂತೆ ಆಗ ತರುತ್ತಿರಲಿಲ್ಲ ಮಗ, ಅಲ್ಲೇ ಸುಟ್ಟರು. ಮನೆಗೆ ಬಂದದ್ದು ಟ್ರಂಕು. ಅದರಲ್ಲಿ ನನ್ನ ಕಾಗದವಿತ್ತು, ಮಡಿಕೆ ಸವೆದುಹೋಗಿತ್ತು. ಎಷ್ಟು ಸಲ ಬಿಚ್ಚಿ ಓದಿದ್ದನೋ. ನಾನು ಅದನ್ನು ಯಾರಿಗೂ ತೋರಿಸದೆ ಒಲೆಗೆ ಹಾಕಿದೆ.

ಬೇಸಿಗೆಯಲ್ಲಿ ಅವನ ಜೊತೆಗಾರ, ಅರಕಲಗೂಡು ಕಡೆಯವರು, ರಜೆಗೆ ಬಂದಾಗ ಮನೆಗೆ ಬಂದಿದ್ದರು. ಅವ್ವ ಕಾಫಿ ತರಲು ಒಳಗೆ ಹೋದಾಗ ನಾನು ಕೇಳಿಯೇಬಿಟ್ಟೆ, ಅಣ್ಣಯ್ಯ ಹೆದರಿದ್ದನಾ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹೊಳೆಗೆ ಇಳಿಯೋ ಮುಂಚೆ ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿದವನು ಅವನೇ ಕಣಮ್ಮ. ಅವನ ಬೆರಳು ನಡುಗ್ತಿದ್ದದ್ದು ನನ್ನ ಗಲ್ಲಕ್ಕೆ ತಾಕಿತು. ಪಟ್ಟಿ ಮಾತ್ರ ಸರಿಯಾಗಿ ಬಿಗಿದ. ಆಮೇಲೆ ಇಬ್ಬರೂ ಇಳಿದ್ವಿ.’

ನಿನ್ನ ಕಾಲು ನಡುಗಿದರೆ ನಡುಗಲಿ ಮಗ. ಅಣ್ಣಯ್ಯನ ಕೈಯೂ ನಡುಗಿತ್ತು. ಆ ಫೋಟೋಕ್ಕೆ ಹಾರ ಹಾಕುವಾಗೆಲ್ಲ ಇದನ್ನು ಹೇಳಬೇಕಿತ್ತು, ಐವತ್ತು ವರ್ಷ ಹೇಳಲಿಲ್ಲ. ಅವನು ಹುಲಿ, ಹೆದರದವನು ಅಂತ ನಿನ್ನನ್ನು ಬೆಳೆಸಿದೆವು. ನೀನು ಈಗ ಕದ್ದು ಹೆದರುತ್ತಿರುವುದು ಅದರಿಂದಲೇ ಇರಬೇಕು.

ಏನು ಹೇಳಲಿ, ನಾನು ಬಂದೂಕು ಮುಟ್ಟಿದವಳಲ್ಲ. ಕಾಲುಚೀಲ ಚೆನ್ನಾಗಿ ಒಣಗಿಸಿ ಹಾಕಿಕೋ, ಇದನ್ನು ನಿಮ್ಮ ಉಸ್ತಾದರೂ ಹೇಳಿರುತ್ತಾರೆ. ಪಕ್ಕದ ಮಂಚದ ಹುಡುಗನಿಗೂ ಹೆದರಿಕೆ ಇದ್ದೀತು, ಒಮ್ಮೆ ಕೇಳಿ ನೋಡು. ತಪ್ಪಾದರೆ ಬಿಡು.

ನಿನ್ನಮ್ಮನಿಗೆ ನಾನು ಹೇಳಿಲ್ಲ. ಭಾನುವಾರ ಫೋನು ಮಾಡುತ್ತೀಯಲ್ಲ, ಆಗ ನೀನೇ ಹೇಳು. ನನಗೆ ಮಾತ್ರ ಇನ್ನು ಮುಂದೆ ಅದನ್ನು ಸಣ್ಣ ಅಕ್ಷರದಲ್ಲಿ ಬರೆಯಬೇಡ, ಕಣ್ಣು ಮಂಜಾಗಿದೆ. ಕಾಗದದ ಮೇಲ್ಗಡೆಯೇ ಬರೆ.

ನಿನ್ನ ಅಜ್ಜಿ