‘ಸ್ಲೋ’ ಅಂದರೆ ಸಾಕಾ? ಹಳೆ ಕಂಪ್ಯೂಟರಿನ ಬಂದು ಹೋಗುವ ಕಾಯಿಲೆ

ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಮಡಿಕೆಯೊಳಗೆ ಒಂದು ಬಣ್ಣದ ಚೀಟಿ ಇತ್ತು. ‘ಕಂಪ್ಯೂಟರ್ ಸ್ಲೋ ಆಯ್ತಾ? ಹಳೆಯದು ಕೊಡಿ, ಹೊಸದು ಒಯ್ಯಿರಿ’ ಅಂತ. ಅದನ್ನು ನೋಡಿ ಸುಮ್ನೆ ಕೂರಲು ಆಗಲಿಲ್ಲ. ಕೆಲವು ತಿಂಗಳ ಹಿಂದೆ ನಾನೂ ಹಾಗೇ ಕೊಟ್ಟುಬಿಡುವವನಿದ್ದೆ. ಕೊಡದೆ ಉಳಿದ ಆ ಕಂಪ್ಯೂಟರಿನಲ್ಲೇ ಈಗ ಈ ಪತ್ರ ಟೈಪ್ ಮಾಡುತ್ತಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ಕೃಷಿಕ. ಕಂಪ್ಯೂಟರ್ 2013ರಲ್ಲಿ ತೆಗೆದುಕೊಂಡದ್ದು. ಇಂಟೆಲ್ ಕಂಪನಿಯ ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ತೋಟದ ಲೆಕ್ಕ, ಊರಿನ ಸಂಘದ ವರದಿ, ರಾತ್ರಿ ಸ್ವಲ್ಪ ಯಕ್ಷಗಾನದ ವಿಡಿಯೊ, ಇಷ್ಟೇ ಅದಕ್ಕೆ ಕೆಲಸ. ಹತ್ತು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಈ ಕಾಯಿಲೆ ಶುರುವಾಯಿತು. ಪೂರ್ತಿ ಕೆಟ್ಟಿದ್ದರೆ ಒಂದು ದಾರಿ ಇರುತ್ತಿತ್ತು. ಇದು ಹಾಗಲ್ಲ. ಒಂದು ದಿನ ಓಡುತ್ತದೆ, ಮರುದಿನ ತೆವಳುತ್ತದೆ. ‘ಕ್ಷೇತ್ರ’ ಅಂತ ಟೈಪ್ ಮಾಡಿದರೆ ಮೊದಲು ಒಂದು ‘ಕ್’ ಬಂದು ನಿಲ್ಲುತ್ತದೆ, ನಾನು ಒಂದು ಗುಟುಕು ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಒತ್ತಕ್ಷರ ಕಾಣಿಸುತ್ತದೆ. ಅದೇ ಯಂತ್ರ ಸಂಜೆ ಏನೂ ಆಗದ ಹಾಗೆ ಕೆಲಸ ಮಾಡುತ್ತದೆ.

ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿ ಅದು ಮಿಂಚಿನ ಹಾಗೆ ಓಡಿತು! ಡಾಕ್ಟರ ಮುಂದೆ ಕೂತ ಕೂಡಲೇ ಇಳಿಯುವ ಜ್ವರ ಇದೆಯಲ್ಲ, ಹಾಗೆ. ರಿಪೇರಿಯವರಿಗೆ ಕನ್ನಡ ಅಷ್ಟಕ್ಕಷ್ಟೆ, ನನ್ನ ಮಲಯಾಳವೂ ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟರದ್ದು. ಕೊನೆಗೆ ಇಬ್ಬರಿಗೂ ಅರ್ಥವಾದ ಮಾತು ಒಂದೇ, ‘ಸ್ಲೋ’. ನಮ್ಮ ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿ ಎಲ್ಲ ಭಾಷೆಯವರೂ ಕಂಪ್ಯೂಟರಿನ ಕಷ್ಟ ಹೇಳುವುದು ಈ ಒಂದೇ ಶಬ್ದದಲ್ಲಿ. ಅನಾಹುತಕ್ಕೆ ಮೂಲವೂ ಅದೇ ಅಂತ ನನಗೆ ಈಗ ಅನಿಸುತ್ತದೆ. ‘ಸ್ಲೋ’ ಅಂದದ್ದೇ ತಡ, ‘ಫಾರ್ಮ್ಯಾಟ್’ ಅಂದರು, ಅಂದರೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕುವುದು. 500 ರೂಪಾಯಿ. ಎರಡು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಇನ್ನೊಮ್ಮೆ ಫಾರ್ಮ್ಯಾಟ್, ಇನ್ನೊಂದು 500. ಮೂರನೇ ಸಲ ‘ಬೋರ್ಡ್ ಹೋಗಿದೆ, 38,000 ಕೊಟ್ಟರೆ ಹೊಸದು’ ಅಂದರು. ಮುಚ್ಚಳ ಮಾತ್ರ ಮೂರು ಸಲವೂ ಬಿಚ್ಚಿರಲಿಲ್ಲ. ಅವರನ್ನು ಬೈಯುವುದಕ್ಕೆ ಈ ಪತ್ರ ಅಲ್ಲ. ಹತ್ತು ನಿಮಿಷ ಎದುರಿಗಿದ್ದಾಗ ಕಾಣಿಸದ ತೊಂದರೆಯನ್ನು ಅವರಾದರೂ ಎಲ್ಲಿ ಹುಡುಕುವುದು?

ದಾರಿ ತೋರಿಸಿದ್ದು ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿ. ಶಾಲೆಯ ಲಿಟಲ್ ಕೈಟ್ಸ್ ಎಂಬ ಕಂಪ್ಯೂಟರ್ ಕ್ಲಬ್ಬಿನಲ್ಲಿ ಇದ್ದಾಳೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, ‘ಅಜ್ಜ, ಸ್ಲೋ ಯಾವಾಗ ಆಗ್ತದೆ?’ ಯಾವಾಗಲಾದರೂ ಅಂದೆ. ‘ಯಾವಾಗಲಾದರೂ ಅಂತ ಒಂದು ಹೊತ್ತು ಇಲ್ಲ ಅಲ್ವಾ’ ಅಂದಳು. ನನಗೆ ನಾಚಿಕೆಯಾಯಿತು. ಅಡಿಕೆಗೆ ಮದ್ದು ಬಿಟ್ಟ ದಿನ, ಸುಣ್ಣ ಮೈಲುತುತ್ತು ಎಷ್ಟೆಷ್ಟು ಅಂತ ಮೂವತ್ತು ವರ್ಷದಿಂದ ಬರೆದಿಡುವವನು ನಾನು. ಇದಕ್ಕೊಂದು ಪುಸ್ತಕ ಇಡಬೇಕು ಅಂತ ಹೊಳೆಯಲೇ ಇಲ್ಲ.

ಸರಿ, ಒಂದು ನೂರು ಪುಟದ ಪುಸ್ತಕಕ್ಕೆ ದಾರ ಕಟ್ಟಿ ಮೇಜಿನ ಪಕ್ಕ ನೇತುಹಾಕಿದೆ. ತೆವಳಿದಾಗೆಲ್ಲ ಗಂಟೆ ಎಷ್ಟು, ಯಂತ್ರ ಹಾಕಿ ಎಷ್ಟು ಹೊತ್ತಾಯಿತು, ಏನು ಮಾಡುತ್ತಿದ್ದೆ, ಫ್ಯಾನಿನ ಸದ್ದು ಹೇಗಿದೆ, ಹಾರ್ಡ್ ಡಿಸ್ಕಿನ ಕೆಲಸ ತೋರಿಸುವ ಡಬ್ಬದ ಮುಂದಿನ ಕೆಂಪು ದೀಪ ಮಿಣುಕುತ್ತಿದೆಯಾ ಅಥವಾ ಒಂದೇ ಸಮ ಉರಿಯುತ್ತಿದೆಯಾ, ಎಲ್ಲ ಬರೆದೆ. ಮೂರು ವಾರದಲ್ಲಿ 23 ಸಲ. ಒಂದು ಭಾನುವಾರ ಕೂತು ನೋಡಿದರೆ ಅದು ಒಂದು ಕಾಯಿಲೆಯೇ ಅಲ್ಲ! 11 ಸಲ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ, ಫ್ಯಾನ್ ಜೋರಾಗಿ ಊದುವಾಗ. 7 ಸಲ ಬೆಳಿಗ್ಗೆ, ಹಾಕಿದ ಮೊದಲ ಅರ್ಧ ಗಂಟೆ. ಉಳಿದ 5 ಸಲ ಹಳೇ ಫೋಟೊಗಳ ಒಂದು ಫೋಲ್ಡರ್ ತೆರೆದಾಗ, ಅದು ಹಗಲಿರಲಿ ರಾತ್ರಿ ಇರಲಿ. ಮೂರು ಕಾಯಿಲೆಗೆ ನಾನು ಒಂದೇ ಹೆಸರಿಟ್ಟು ಒಂದೇ ಮದ್ದು ಕೇಳುತ್ತಿದ್ದೆ.

ಮಧ್ಯಾಹ್ನದ್ದು ಸೆಕೆಯ ಕಾಟ. ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಬಿಸಿಯಾದರೆ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ವಿಂಡೋಸಿನ ಒಳಗಿನ ಕೆಲಸ ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಇದು ಕಾಣುತ್ತದೆ. ನಮ್ಮದು 3.3 ಗಿಗಾಹರ್ಟ್ಸ್, ತೆವಳುವಾಗ 1.6 ತೋರಿಸುತ್ತಿತ್ತು. ಇಲ್ಲಿ ನಾನು ಒಮ್ಮೆ ಮೋಸ ಹೋದೆ, ನೀವು ಹೋಗಬೇಡಿ. ಕೆಲಸವಿಲ್ಲದೆ ಸುಮ್ನೆ ಕೂತಾಗಲೂ ವಿದ್ಯುತ್ ಉಳಿಸಲು ಅದು 1.6ಕ್ಕೇ ಇಳಿಯುತ್ತದೆ, ಅದು ಕಾಯಿಲೆ ಅಲ್ಲ. ಕೆಲಸ ಜಾಸ್ತಿ ಇರುವಾಗಲೂ ಮೇಲೇರದಿದ್ದರೆ ಮಾತ್ರ ಅನುಮಾನ ಪಡಬೇಕು.

ಪ್ಲಗ್ ಕಿತ್ತು, ಹುಡುಗಿಯನ್ನು ಪಕ್ಕ ಕೂರಿಸಿಕೊಂಡು ಮುಚ್ಚಳ ಬಿಚ್ಚಿದೆ. ನಮ್ಮದು ಹಂಚಿನ ಮನೆ, ಎದುರಿನ ಅಂಗಳದಲ್ಲೇ ಅಡಿಕೆ ಒಣಗುವುದು, ಚಾವಡಿಯಲ್ಲೇ ಸುಲಿಯುವುದು. ಆ ಧೂಳೆಲ್ಲ ಒಳಗೆ ಹೋಗಿ ಪ್ರೊಸೆಸರಿನ ಮೇಲಿನ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಚಿಮುಟದಲ್ಲಿ ಎಳೆದರೆ ಇಡೀ ತುಂಡಾಗಿಯೇ ಬಂತು. ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆಯ ಸಿಪ್ಪೆ. ಫ್ಯಾನನ್ನು ಬೋರ್ಡಿಗೆ ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ತೂತಿನಿಂದ ಎದ್ದು ನಿಂತಿತ್ತು. ಅಂದರೆ ರೆಕ್ಕೆಗಳ ತಳ ಒಂದು ಕಡೆ ಪ್ರೊಸೆಸರಿಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ನಡುವಿನ, ಬಿಸಿಯನ್ನು ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಷ್ಟು ಹೊಸ ಪೇಸ್ಟ್ ಇಟ್ಟು, ನಾಲ್ಕೂ ಕಾಲು ಟಕ್ ಟಕ್ ಅನ್ನುವವರೆಗೆ ಒತ್ತಿದೆವು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಸಳು ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಜೋರು ತಿರುಗಿ ಬೇರಿಂಗ್ ಕೆಡುತ್ತದೆ. ಅಂದಿನಿಂದ ಮಧ್ಯಾಹ್ನದ ತೆವಳಾಟ ಒಂದು ದಿನವೂ ಬಂದಿಲ್ಲ.

ಬೆಳಗ್ಗಿನದ್ದು ಸಣ್ಣ ಸಂಗತಿ. ಎರಡು ದಿನ ಬಿಟ್ಟು ಹಾಕಿದರೆ ಬಾಕಿ ಉಳಿದ ಅಪ್‌ಡೇಟ್, ವೈರಸ್ ಹುಡುಕಾಟ ಎಲ್ಲ ಒಟ್ಟಿಗೆ ಶುರುವಾಗುತ್ತಿತ್ತು. ಅದರ ಮೇಲೆ ಅಂಗಡಿಯವರು ಹಾಕಿದ ಆಂಟಿವೈರಸ್ ಒಂದು, ಮಗ ರಜೆಗೆ ಬಂದಾಗ ಹಾಕಿದ್ದು ಇನ್ನೊಂದು. ಒಂದು ಮುಟ್ಟಿದ ಫೈಲನ್ನೆಲ್ಲ ಇನ್ನೊಂದು ಮತ್ತೆ ಮುಟ್ಟಿ ನೋಡುವುದು. ಒಂದನ್ನು ತೆಗೆದೆ. 4 ಜಿಬಿ ರ್‍ಯಾಮ್ ಈಗಿನ ಬ್ರೌಸರಿಗೆ ಸಾಲದು, ಅದು ತುಂಬಿದ ಮೇಲೆ ಉಳಿದದ್ದನ್ನು ಯಂತ್ರ ಹಾರ್ಡ್ ಡಿಸ್ಕಿನಲ್ಲಿ ಇಟ್ಟು ತೆಗೆದು ಮಾಡುತ್ತದೆ, ಅದೇ ದೊಡ್ಡ ನಿಧಾನ. ಹಾಗಾಗಿ ಇದಕ್ಕೆ ಹೊಂದುವ ಡಿಡಿಆರ್3 ಬಗೆಯ ಹಳೆಯ 4 ಜಿಬಿ ತುಂಡೊಂದನ್ನು ಹುಡುಕಿ ಸೇರಿಸಿದೆ. ಆಟಿಯ ಮಳೆಗೆ ಒಮ್ಮೆ ಯಂತ್ರ ಎದ್ದೇಳದೆ ಬರೀ ಬೀಪ್ ಬೀಪ್ ಅಂದಿತ್ತು, ಆಗ ಈ ರ್‍ಯಾಮಿನ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ ಕೂರಿಸಿದ್ದೇ ಮದ್ದು. ನಮ್ಮ ಊರಿನ ತೇವಕ್ಕೆ ಈ ಪಾಠ ಎಲ್ಲರಿಗೂ ಬೇಕು.

ಮೂರನೆಯದ್ದೇ ನಿಜವಾದ ಅಪಾಯ. ಫೋಟೊ ಫೋಲ್ಡರ್ ತೆರೆದಾಗ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಶೇಕಡಾ, ಆದರೆ ಓದುತ್ತಿರುವ ವೇಗ ಹೆಚ್ಚುಕಡಿಮೆ ಸೊನ್ನೆ. ಕೆಂಪು ದೀಪ ಒಂದೇ ಸಮ. ಡಬ್ಬಕ್ಕೆ ಕಿವಿ ಇಟ್ಟರೆ ಟಿಕ್... ಟಿಕ್... ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಎಚ್ಚರಿಕೆಯ ಹಳದಿ ಬಣ್ಣ, ಓದಲು ಕಷ್ಟವಾದ ಜಾಗಗಳನ್ನು ಎಣಿಸುವ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನಲ್ಲಿ ಸೊನ್ನೆ ಇರಬೇಕಾದ ಕಡೆ ಬೇರೆ ಅಂಕಿ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಕೆಲವು ಜಾಗ ಕೆಟ್ಟಿದೆ, ಅಲ್ಲಿ ಓದಲು ಆಗದೆ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟು ಹೊತ್ತೂ ಉಳಿದದ್ದೆಲ್ಲ ಬಾಗಿಲ ಹೊರಗೆ ಕಾಯುತ್ತದೆ. ಆ ಜಾಗವನ್ನು ಮುಟ್ಟದಿದ್ದರೆ ನಿಧಾನ ಕಾಣಿಸುವುದಿಲ್ಲ. ಅಂಗಡಿಯಲ್ಲಿ ಸರಿ ಇದ್ದದ್ದು ಅದಕ್ಕೇ, ಅಲ್ಲಿ ಯಾರು ನಮ್ಮ ಮನೆಯ ಫೋಟೊ ತೆರೆಯುತ್ತಾರೆ?

ಡಿಸ್ಕ್ ತೆಗೆದು ಅದರ ಜಾಗಕ್ಕೆ ತಿರುಗುವ ತಟ್ಟೆಯೇ ಇಲ್ಲದ 256 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ರ್‍ಯಾಮ್, ಪೇಸ್ಟ್ ಎಲ್ಲ ಸೇರಿ 3,200 ರೂಪಾಯಿ ಖರ್ಚು. ಇಷ್ಟಾದ ಮೇಲೂ ಒಂದು ತಕರಾರು ಉಳಿದಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕಾದರೆ ಇಂಟೆಲ್ ಎಂಟನೇ ತಲೆಮಾರು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎಲ್ಲ ಇರಬೇಕು, ನಮ್ಮದರಲ್ಲಿ ಇಲ್ಲ. ಅದಕ್ಕೂ ಉತ್ತರ ಹುಡುಗಿಯ ಬಳಿಯೇ ಇತ್ತು. ಕೇರಳದ ಶಾಲೆಗಳಲ್ಲಿ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನವರು ಕೊಡುವುದು ಉಬುಂಟು ಆಧಾರದ ಲಿನಕ್ಸ್, ಅಂದರೆ ವಿಂಡೋಸಿನ ಬದಲು ಹಾಕುವ ಉಚಿತ ವ್ಯವಸ್ಥೆ, ಮಕ್ಕಳಿಗೆ ಅದು ಅಡುಗೆಮನೆಯಷ್ಟು ಪರಿಚಯ. ನಾನೂ ಉಬುಂಟುವಿಗೇ ಬಂದೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಿಗೆ ರೂಢಿಯಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ. ಮೊದಲ ವಾರ ಪ್ರಿಂಟರ್ ಸ್ವಲ್ಪ ಮೊಂಡುತನ ಮಾಡಿತು, ಅಷ್ಟೆ.

ನನ್ನ ಕೋರಿಕೆ ಎರಡು. ರಿಪೇರಿ ಅಂಗಡಿಯವರು ಗಲ್ಲಾದ ಹತ್ತಿರ ಒಂದು ಚೀಟಿ ಇಟ್ಟುಕೊಳ್ಳಲಿ, ಕನ್ನಡದಲ್ಲೂ ಮಲಯಾಳದಲ್ಲೂ, ಯಾವಾಗ, ಎಷ್ಟು ಹೊತ್ತು, ಏನು ಮಾಡುವಾಗ ಅಂತ ಮೂರು ಸಾಲು. ತುಂಬಿಸಿ ಕೊಡದವರ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವುದು ಬೇಡ.

ಎರಡನೆಯದ್ದು ಓದುಗರಿಗೆ. ಡಿಸ್ಕ್ ನೋಡುವ ತಂತ್ರಾಂಶದಲ್ಲಿ ಹಳದಿ ಬಣ್ಣ ಕಂಡರೆ ಬೇರೇನೂ ಮಾಡುವ ಮೊದಲು ಫೈಲುಗಳನ್ನು ಇನ್ನೊಂದು ಕಡೆ ಕಾಪಿ ಮಾಡಿಕೊಳ್ಳಿ, ಎಲ್ಲಕ್ಕಿಂತ ಬೇಕಾದದ್ದನ್ನು ಮೊದಲು. ನಾನು ಮೊದಲು ಅಡಿಕೆ ಲೆಕ್ಕ ಕಾಪಿ ಮಾಡಿ, ಫೋಟೊ ನಾಳೆ ಮಾಡಿದರಾಯಿತು ಅಂತ ಮಲಗಿದೆ. ಅಮ್ಮನ ಎಂಬತ್ತನೇ ವರ್ಷದ ಪೂಜೆಯ ಮೂರು ಫೋಟೊ ಇವತ್ತಿಗೂ ತೆರೆಯುತ್ತಿಲ್ಲ.

ಇಂತು ನಿಮ್ಮ ಓದುಗ,
ಬದಿಯಡ್ಕ ಕಡೆಯ ಒಬ್ಬ ಕೃಷಿಕ