ಬೈಕಿಗೆ ಅಂತ ಪ್ಲೇಯರ್ ತಗೊಳ್ಳುವ ಮುಂಚೆ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ತೀರ್ಥಹಳ್ಳಿಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬೆಂಗಳೂರಿಂದ ಬೈಕಲ್ಲಿ ಬರುವಾಗ ಹಾಡು ಕೇಳೋಕೆ ಒಂದು ಪ್ಲೇಯರ್ ತಗೋಬೇಕು, ಯಾವುದು ಒಳ್ಳೇದು ಅಂತ ಕೇಳಿದ್ದೆಯಲ್ಲ, ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಎಲ್ಲಕ್ಕೂ ದೊಡ್ಡ ಸ್ಕ್ರೀನು. ಎಲ್ಲದರ ಮೇಲೂ ಹೈ-ರೆಸ್, ಅಂದರೆ ಸದ್ದು ತುಂಬಾ ಸ್ಪಷ್ಟ ಅನ್ನುವ ಚಿನ್ನದ ಬಣ್ಣದ ಸ್ಟಿಕ್ಕರ್. ಮನೆಯಲ್ಲಿ ಕಣ್ಣುಮುಚ್ಚಿ ಕೂತು ಕೇಳುವವರಿಗೆ ಅವು ಸರಿ. ಬೈಕಿಗೆ ಬೇಕಾದದ್ದೇ ಬೇರೆ. ನೋಡದೇ ನಡೆಸೋಕೆ ಬರಬೇಕು, ಕಡಿಮೆ ಸದ್ದಿನಲ್ಲೇ ಕೇಳಿಸಬೇಕು. ಇವೆರಡು ಸಿಕ್ಕಿದರೆ ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಮೊದಲು ಗಾಳಿಯ ವಿಷಯ, ಯಾಕೆಂದರೆ ಅಂಗಡಿಯವರು ಯಾರೂ ಇದನ್ನು ಹೇಳುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ಹೋಗುವಾಗ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ ಹೆಚ್ಚುಕಡಿಮೆ 95 ಡೆಸಿಬೆಲ್ ಇರುತ್ತದೆ. ಇಂಜಿನ್ನಿನದ್ದಲ್ಲ, ಬರೀ ಗಾಳಿಯದ್ದು. ದಿನಕ್ಕೆ ಎಂಟು ಗಂಟೆ ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬೆಲ್ ಅಂತ ಕೆಲಸಗಾರರ ಆರೋಗ್ಯದ ವಿಷಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುತ್ತದೆ. ಅಲ್ಲಿಂದ ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. ನೀನು ಬೆಳಿಗ್ಗೆ ಹೊರಟು ತುಮಕೂರು ದಾಟಿ ತಿಪಟೂರಿಗೆ ಬರುವಷ್ಟರಲ್ಲೇ ಆ ಒಂದು ಗಂಟೆ ಮುಗಿದಿರುತ್ತದೆ. ಹಾಡು ಇನ್ನೂ ಹಾಕಿಯೇ ಇಲ್ಲ! ಇದರ ಮೇಲೆ ಹಾಡು ಕೇಳಿಸಬೇಕು ಅಂದರೆ ಗಾಳಿಗಿಂತ ಜೋರಾಗಿ ಇಡಬೇಕು. ಕಿವಿ ಹಾಳಾಗುವುದು ಅಲ್ಲೇ. ಕಡೂರು, ಬೀರೂರು ದಾಟುವ ಹೊತ್ತಿಗೆ ಕಿವಿ ಆ ಸದ್ದಿಗೆ ಒಗ್ಗಿಹೋಗಿರುತ್ತದೆ, ಸಾಲದು ಅಂತ ಇನ್ನೊಂದು ಪಾಯಿಂಟ್ ಏರಿಸುತ್ತೀಯ. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಆವತ್ತು ಮಿತಿ ದಾಟಿದೆ ಅಂತಲೇ ಅರ್ಥ. ಒಮ್ಮೆ ಹೋದ ಕಿವಿ ವಾಪಸ್ ಬರುವುದಿಲ್ಲ ಕಣೋ, ನೀನು ಇನ್ನೂ ಚಿಕ್ಕವನು.

ಆದ್ದರಿಂದ ಪ್ಲೇಯರಿಗೆ ಇಟ್ಟ ದುಡ್ಡಲ್ಲಿ ಸ್ವಲ್ಪವನ್ನು ಹೆಲ್ಮೆಟ್ಟಿಗೆ ಹಾಕು. ಐಎಸ್‌ಐ ಗುರುತಿರುವ ಫುಲ್ ಫೇಸ್ ಹೆಲ್ಮೆಟ್, ಕೆನ್ನೆಯ ಪ್ಯಾಡ್ ಬಿಗಿಯಾಗಿ ಕೂರಬೇಕು, ಗದ್ದದ ಕೆಳಗೆ ಗಾಳಿ ನುಗ್ಗದಂತೆ ಬಟ್ಟೆಯ ಮರೆ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್. ಅದನ್ನು ಹಾಕುವುದಕ್ಕೂ ಒಂದು ಕ್ರಮ ಇದೆ. ಬೆರಳಲ್ಲಿ ಹೊಸೆದು ಕಡ್ಡಿಯಷ್ಟು ಸಣ್ಣ ಮಾಡಿಕೋ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿ, ಒಳಗೆ ತೂರಿಸಿ ಅದು ಉಬ್ಬುವವರೆಗೂ ಬೆರಳಲ್ಲಿ ಒತ್ತಿ ಹಿಡಿದುಕೋ. ಸುಮ್ನೆ ಕಿವಿಯ ತೂತಿನ ಬಾಯಿಗೆ ಸಿಕ್ಕಿಸಿದರೆ ಪ್ರಯೋಜನ ಇಲ್ಲ. ಕಿವಿ ಮುಚ್ಚಿಕೊಂಡು ಹಾಡು ಹೇಗೆ ಕೇಳಲಿ ಅಂತ ಕೇಳುತ್ತೀಯ, ಗೊತ್ತು. ಕೇಳಿಸುತ್ತದೆ. ಪ್ಲಗ್ ಗಾಳಿಯನ್ನೂ ತಗ್ಗಿಸುತ್ತದೆ, ಹಾಡನ್ನೂ ತಗ್ಗಿಸುತ್ತದೆ, ಹಿಂದಿನ ಲಾರಿಯ ಹಾರನ್ನನ್ನೂ ತಗ್ಗಿಸುತ್ತದೆ, ಆದರೆ ಮೂರೂ ಒಟ್ಟಿಗೆ ತಗ್ಗುವುದರಿಂದ ಒಂದು ಇನ್ನೊಂದನ್ನು ನುಂಗಿಹಾಕುವುದಿಲ್ಲ. ಊರೊಳಗೆ ಬಂದಾಗ ಮಾತ್ರ ತೆಗೆದುಬಿಡು.

ಇಯರ್‌ಫೋನ್ ಬೇಡವೇ ಬೇಡ. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರು ಹಿಡಿದು ದಂಡ ಹಾಕುತ್ತಾರೆ, ಅದೊಂದು. ಇನ್ನೊಂದು, ಹೆಲ್ಮೆಟ್ ಅದನ್ನು ಗಂಟೆಗಟ್ಟಲೆ ಕಿವಿಯೊಳಕ್ಕೆ ಒತ್ತುತ್ತಲೇ ಇರುತ್ತದೆ. ಬಿದ್ದರೆ ಏನಾಗುತ್ತದೆ ಅಂತ ನೀನೇ ಯೋಚಿಸು. ಹೆಲ್ಮೆಟ್ಟಿನೊಳಗೆ ಕೂರಿಸುವ ತೆಳು ಸ್ಪೀಕರ್ ತಗೋ. ಕಾರ್ಡೊ, ಸೇನಾ ಥರದ ಕಂಪನಿಗಳವು ಬ್ಲೂಟೂತ್ ಸೆಟ್ಟು, ವೈರಿನವೂ ಸಿಗುತ್ತವೆ. ಒಳ್ಳೆ ಹೆಲ್ಮೆಟ್ಟಿನಲ್ಲಿ ಕಿವಿಯ ಜಾಗದಲ್ಲಿ ಗುಳಿ ಇರುತ್ತದೆ, ಸ್ಪೀಕರ್ ಕೂರಬೇಕಾದದ್ದು ಅಲ್ಲಿ. ಕಿವಿಯ ತೂತಿಗೆ ನೇರವಾಗಿ ಬರುವಂತೆ ಹೊಂದಿಸು. ಒಂದು ಬೆರಳಷ್ಟು ಹಿಂದೆ ಮುಂದೆ ಆದರೂ ಸದ್ದು ಅರ್ಧ ಆದ ಹಾಗೆ ಅನಿಸುತ್ತದೆ, ಆಮೇಲೆ ಪ್ಲೇಯರ್ ಸರಿ ಇಲ್ಲ ಅಂತ ಬೈಯುತ್ತಾ ಕೂರುತ್ತೀಯ. ಜಾಗ ಸಾಲದು ಅಂತ ಒಳಗಿನ ಥರ್ಮೋಕೋಲನ್ನು ಬ್ಲೇಡಿನಲ್ಲಿ ಕೆತ್ತಿಕೊಡುವವರೂ ಇದ್ದಾರೆ. ಹಾಗೆ ಮಾಡಿಸಬೇಡ. ಬಿದ್ದಾಗ ತಲೆ ಕಾಯುವುದು ಅದೇ.

ಇನ್ನು ಪ್ಲೇಯರು. ನಿನ್ನ ಫೋನಿದೆಯಲ್ಲ ಅಂತ ಅಕ್ಕ ಅಂದಳಂತೆ. ಆದರೂ ಬೇರೆ ಪ್ಲೇಯರ್ ತಗೋ ಅಂತಲೇ ನಾನು ಹೇಳುವುದು. ಫೋನಿದ್ದರೆ ಮೆಸೇಜು, ಕಾಲು, ಮ್ಯಾಪು ಎಲ್ಲ ಹಾಡಿನ ಮಧ್ಯೆ ತಲೆ ಹಾಕುತ್ತವೆ. ಹ್ಯಾಂಡಲ್ಲಿಗೆ ಸಿಕ್ಕಿಸಿದರೆ ಅದರ ಕ್ಯಾಮೆರಾಗೂ ಕೇಡು. ದೊಡ್ಡ ಇಂಜಿನ್ನಿನ ಬೈಕುಗಳ ನಡುಕದಿಂದ ಐಫೋನ್ ಕ್ಯಾಮೆರಾದ ಫೋಕಸ್ ಕೆಡಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಹೇಳಿತು. ಮಂಡಗದ್ದೆ ಕಡೆಯ ಕಾಡಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಆಗ ನೆಟ್ಟಿಂದ ಬರುವ ಹಾಡು ನಿಂತುಹೋಗುತ್ತದೆ, ಏನಾಯಿತು ಅಂತ ಕೈ ಜೇಬಿಗೆ ಹೋಗುತ್ತದೆ. ಒಳಗೇ ಹಾಡು ತುಂಬಿಕೊಂಡ ಪ್ಲೇಯರ್ ಆದರೆ ಈ ರಗಳೆ ಯಾವುದೂ ಇಲ್ಲ.

ಪ್ಲೇಯರ್ ತಗೊಳ್ಳೋಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗುವಾಗ ಗ್ಲೌಸ್ ಜೊತೆಗೆ ತಗೊಂಡು ಹೋಗು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಗ್ಲೌಸ್ ಹಾಕಿಕೋ, ಪ್ಲೇಯರನ್ನು ಜಾಕೆಟ್ಟಿನ ಜೇಬಿಗೆ ಹಾಕು, ಬಟ್ಟೆಯ ಮೇಲಿಂದಲೇ ಹೆಬ್ಬೆರಳಲ್ಲಿ ತಡಕಿ ನಿಲ್ಲಿಸು, ಮುಂದಿನ ಹಾಡಿಗೆ ಹೋಗು, ಸದ್ದು ಇಳಿಸು. ಆಗಲಿಲ್ಲ ಅಂದರೆ ವಾಪಸ್ ಕೊಡು. ಎಷ್ಟೇ ಚೆಂದ ಇದ್ದರೂ ಬೇಡ. ಟಚ್ ಸ್ಕ್ರೀನ್ ಚರ್ಮದ ಗ್ಲೌಸಿಗೆ ಓಗೊಡುವುದಿಲ್ಲ, ಮಳೆ ಹನಿ ಬಿದ್ದರೆ ತಾನಾಗಿಯೇ ಹಾಡು ಬದಲಾಯಿಸುತ್ತದೆ. ಗಟ್ಟಿಯಾದ, ಉಬ್ಬಿದ, ಒತ್ತಿದರೆ ಟಿಕ್ ಅನ್ನುವ ಬಟನ್ ಬೇಕು. ಎಲ್ಲಕ್ಕಿಂತ ದೊಡ್ಡದಾಗಿ ಇರಬೇಕಾದದ್ದು ನಿಲ್ಲಿಸುವ ಬಟನ್ನು. ಬ್ಲೂಟೂತ್ ಸೆಟ್ ತಗೊಂಡರೆ ಹೆಲ್ಮೆಟ್ಟಿನ ಪಕ್ಕದಲ್ಲೇ ಬಟನ್ ಇರುತ್ತದೆ, ಆದರೆ ಪ್ಲೇಯರಿಗೂ ಬ್ಲೂಟೂತ್ ಇದೆಯಾ ಅಂತ ನೋಡಿಕೋ, ಕಡಿಮೆ ಬೆಲೆಯವಕ್ಕೆ ಎಷ್ಟೋ ಸಲ ಇರುವುದಿಲ್ಲ. ಎರಡನ್ನೂ ಅಂಗಡಿಯಲ್ಲೇ ಜೋಡಿಸಿ ನೋಡು. ಸದ್ದಿಗೆ ಮಿತಿ ಹಾಕುವ ಸೆಟ್ಟಿಂಗ್ ಇದ್ದರೆ ಅಲ್ಲೇ ಹಾಕಿಬಿಡು.

ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ ಇದ್ದದ್ದು ಆಪಲ್ ಕಂಪನಿಯ ಸಣ್ಣ ಪ್ಲೇಯರ್ ಐಪಾಡ್ ಶಫಲ್. ಸ್ಕ್ರೀನೇ ಇಲ್ಲ, ಕಾಲರಿಗೆ ಸಿಕ್ಕಿಸುವ ಕ್ಲಿಪ್ಪು, ದುಂಡನೆ ಬಟನ್ನು. 2017ರಲ್ಲಿ ನಿಲ್ಲಿಸಿಬಿಟ್ಟರು. ಹಳೇದು ಸಿಕ್ಕಿದರೂ ಬ್ಯಾಟರಿ ಸೋತಿರುತ್ತದೆ. ಯಾರಾದರೂ ಐಪಾಡ್ ಕ್ಲಾಸಿಕ್ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬೈಕಿಗೆ ತಗೋಬೇಡ, ಅದರೊಳಗೆ ತಿರುಗುವ ಹಾರ್ಡ್ ಡಿಸ್ಕ್ ಇದೆ, ರಸ್ತೆಯ ಗುಂಡಿಗೆ ಅದು ತಾಳುವುದಿಲ್ಲ. ಈಗಿನ ಸಣ್ಣ ಪ್ಲೇಯರುಗಳಲ್ಲಿ ಮೆಮೊರಿ ಚಿಪ್ಪೇ ಇರುವುದು, ಆ ಭಯ ಇಲ್ಲ. 32 ಜಿಬಿ ಸಾಕೋ ಸಾಕು. 320 ಕೆಬಿಪಿಎಸ್‌ನ ಒಳ್ಳೆ ಗುಣಮಟ್ಟದ ಎಂಪಿ3 ಹಾಕಿದರೂ ಇನ್ನೂರು ಗಂಟೆ ಮೀರಿ ಹಾಡು ಹಿಡಿಯುತ್ತದೆ. ಸದ್ದಿನ ಗುಣ ಒಂಚೂರೂ ಕಳೆಯದ ಫ್ಲಾಕ್ ಅನ್ನುವ ದೊಡ್ಡ ಫೈಲಿಗೆಲ್ಲ ದುಡ್ಡು ಸುರಿಯಬೇಡ. ಆ ಗಾಳಿಯಲ್ಲಿ ಎಂಥ ಕಿವಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಡು ತುಂಬುವಾಗ ಒಂದು ಕೆಲಸ ಮರೆಯಬೇಡ. ಹಳೇ ಹಾಡುಗಳು ಮೆಲ್ಲಗೆ ಇರುತ್ತವೆ, ಹೊಸ ಸಿನಿಮಾ ಹಾಡು ಕಿರುಚುತ್ತದೆ. ಒಂದರ ಹಿಂದೆ ಒಂದು ಬಂದರೆ ನೂರರ ವೇಗದಲ್ಲಿ ಬೆಚ್ಚಿಬೀಳುತ್ತೀಯ. ಕಂಪ್ಯೂಟರಿನಲ್ಲಿ ಎಂಪಿ3ಗೇನ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಎಲ್ಲ ಹಾಡಿನ ಸದ್ದನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಬಾಸ್ ಏರಿಸೋಕೂ ಹೋಗಬೇಡ. ಗಾಳಿಯ ಸದ್ದು ಬಹುಪಾಲು ತಗ್ಗು ಸ್ವರದ್ದೇ ಆದ್ದರಿಂದ ಏರಿಸಿದ ಬಾಸೆಲ್ಲ ಅದರಲ್ಲೇ ಮುಳುಗಿಹೋಗುತ್ತದೆ. ದನಿ ಎದ್ದು ಕೇಳುವ ಭಾವಗೀತೆ, ಜಾನಪದ, ಹರಿಕಥೆ ಇಂಥವು ಬೈಕಲ್ಲಿ ಚೆನ್ನಾಗಿ ಕೇಳಿಸುತ್ತವೆ. ನಿಧಾನದ ಆಲಾಪ ಏನೂ ದಕ್ಕುವುದಿಲ್ಲ, ಅದನ್ನು ಮನೆಗೆ ಇಟ್ಟುಕೋ.

ವೈರಿನದ್ದೇ ತಗೊಂಡರೆ ಎಲ್ ಆಕಾರದ ಪಿನ್ ಇರಲಿ, ನೇರ ಪಿನ್ ಅಲುಗಾಡಿ ಸಾಕೆಟ್ ಸಡಿಲ ಆಗುತ್ತದೆ. ವೈರು ಜಾಕೆಟ್ಟಿನ ಒಳಗಿಂದ ಬರಲಿ, ಕುತ್ತಿಗೆಗೆ ಸುತ್ತಬೇಡ. ಎಳೆದರೆ ತಾನಾಗಿ ಕಳಚಿಕೊಳ್ಳಬೇಕು. ಪ್ಲೇಯರನ್ನು ಎದೆಯ ಮೇಲೆ, ಪಕ್ಕೆಲುಬಿನ ಮೇಲೆ ಇಡಬೇಡ, ಬಿದ್ದರೆ ಚುಚ್ಚುತ್ತದೆ. ನಮ್ಮ ಕಡೆ ಮಳೆ ಗೊತ್ತಲ್ಲ, ಜಿಪ್ ಕವರಿಗೆ ಹಾಕಿಯೇ ಜೇಬಿಗೆ ಇಳಿಸು.

ಎಲ್ಲಿ ಕೇಳುವುದು ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ನೆಲಮಂಗಲ ದಾಟುವವರೆಗೂ ಬೇಡ. ಅರಸೀಕೆರೆಯಿಂದ ಕಡೂರಿನವರೆಗೆ ರಸ್ತೆ ಖಾಲಿ ಇದ್ದರೆ ಕೇಳು. ತರೀಕೆರೆ, ಭದ್ರಾವತಿ ಪೇಟೆಗಳಲ್ಲಿ ನಿಲ್ಲಿಸು. ಗೆಳೆಯರ ಜೊತೆ ಆಗುಂಬೆಗೆ ಹೋಗುವುದಾದರೆ ಘಾಟಿ ಇಳಿಯುವ ಮುಂಚೆಯೇ ಪೂರ್ತಿ ಆಫ್ ಮಾಡಬೇಕು. ಹದಿನಾಲ್ಕು ಹೇರ್‌ಪಿನ್ ತಿರುವು, ಮೇಲಿಂದ ಮಂಜು, ಎದುರಿನ ಬಸ್ಸು ಕಣ್ಣಿಗೆ ಬೀಳುವ ಮುಂಚೆ ಅದರ ಹಾರನ್ನೇ ಕಿವಿಗೆ ಬೀಳುವುದು. ಅಲ್ಲಿ ಕಿವಿ ಖಾಲಿ ಇರಬೇಕು. ಈ ಒಂದು ಮಾತನ್ನು ನೀನು ನಡೆಸಿಕೊಡಲೇಬೇಕು ಸುಹಾಸ.

ತಗೊಂಡ ಮೇಲೆ ಯಾವುದು ಅಂತ ಫೋಟೋ ಕಳಿಸು. ನನ್ನ ಹತ್ತಿರ ಕ್ಯಾಸೆಟ್ಟಿಂದ ಇಳಿಸಿದ ಹಾಡುಗಳು ಬೇಕಾದಷ್ಟಿವೆ, ದೀಪಾವಳಿಗೆ ಬಂದಾಗ ನಿನ್ನ ಮೆಮೊರಿ ಕಾರ್ಡಿಗೆ ಹಾಕಿ ಕೊಡುತ್ತೇನೆ. ಹೊರಡುವ ದಿನ ಅಮ್ಮನಿಗೆ ಹೇಳಿ ಹೊರಡು, ಅರಸೀಕೆರೆಯಲ್ಲಿ ತಿಂಡಿಗೆ ನಿಂತಾಗ ನನಗೂ ಒಂದು ಫೋನ್ ಮಾಡು.

ನಿನ್ನ ಮಾವ