ಏಳನೇ ಪತ್ರ: ಶಾಲಾ ಶಿಕ್ಷಣ ಸಚಿವರಿಗೆ

ಮಾನ್ಯ ಮಹಾರಾಷ್ಟ್ರ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಮರಾಠಿಯಲ್ಲಿ ಆರು ಸಲ ಬರೆದಿದ್ದೇನೆ. ಪತ್ರ ಬಂತು ಅಂತ ಕಚೇರಿಯವರು ಹಾಕುವ ಆವಕ್ ನಂಬರ್ ಆರರ ಮೇಲೂ ಬಿದ್ದಿದೆ, ಉತ್ತರ ಮಾತ್ರ ಬಂದಿಲ್ಲ. ಹಾಗಾಗಿ ಏಳನೆಯದು ಕನ್ನಡದಲ್ಲಿ. ಓದದೇ ಇರುವುದಕ್ಕೆ ಯಾವ ಭಾಷೆಯಾದರೇನು, ಅಲ್ವಾ?

ಮುಂಬೈಯ ನಮ್ಮ ಅನುದಾನಿತ ಕನ್ನಡ ಶಾಲೆಯಲ್ಲಿ ಒಂದು ಹುದ್ದೆ ನಾಲ್ಕು ವರ್ಷದಿಂದ ಖಾಲಿ ಇದೆ. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ಒಂದೇ ಕೋಣೆಯಲ್ಲಿ. ಬೋರ್ಡಿನ ನಡುವೆ ಚಾಕ್‌ಪೀಸಿನ ಗೆರೆ. ಎಡಗಡೆ ಮಗ್ಗಿ, ಬಲಗಡೆ ಭಾಗಾಕಾರ. ಇಬ್ಬರಿಗೂ ಒಬ್ಬರೇ ಟೀಚರ್. ಅವರಿಗೆ ಜ್ವರ ಬಂದ ದಿನ ನಾನು ಹೋಗಿ ಕೂರುತ್ತೇನೆ. ನನಗೆ 68 ವರ್ಷ. ಕಮಿಟಿಯ ಲೆಕ್ಕ ಬರೆಯುವವನು, ಪಾಠ ಹೇಳುವವನಲ್ಲ. ಆ ಹುದ್ದೆ ತುಂಬಿಸಿ, ಸ್ವಾಮಿ.

ಹೋದ ಜೂನ್‌ನಲ್ಲಿ ಕಚೇರಿಗೆ ಹೋದೆ. ಮೂರು ಗಂಟೆ ಬೆಂಚು ಕಾದ ಮೇಲೆ ಗುಮಾಸ್ತರು ಫೈಲು ತೆಗೆದರು. ಶಾಲೆಯ ಮೂಲ ಮಂಜೂರಾತಿ ಕೇಳಿದರು. ಕೊಟ್ಟೆ. 1953ರ ಕಾಗದ. ಲ್ಯಾಮಿನೇಟ್ ಮಾಡಿಸುವ ಹೊತ್ತಿಗೆ ಒಂದು ಮೂಲೆ ಗೆದ್ದಲಿಗೆ ಹೋಗಿತ್ತು. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಕನ್ನಡ ಶಾಲೆ ತಾನೆ? ಕರ್ನಾಟಕ ಸರ್ಕಾರದ ಪತ್ರ ತನ್ನಿ" ಅಂದರು.

ಎಲ್ಲಿಂದ ತರಲಿ? 1953ರಲ್ಲಿ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ 1956ರ ಅಕ್ಟೋಬರ್ ಮುಗಿಯುವವರೆಗೆ ಇದೇ ಬಾಂಬೆ ರಾಜ್ಯದಲ್ಲಿದ್ದವು. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು, ಹಾಗಾಗಿ ಅಲ್ಲಿಂದ ಬಂದ ನನ್ನಪ್ಪ ಲೆಕ್ಕಕ್ಕೆ ಮದ್ರಾಸಿನವರು! ಹಗಲು ಹೋಟೆಲಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ನಮ್ಮ ಶಾಲೆ ಎದ್ದದ್ದೂ ಅಂಥವರ ತಿಂಗಳಿಗೆ ನಾಲ್ಕಾಣೆ ವಂತಿಗೆಯಿಂದ. ಹತ್ತು ವರ್ಷದಲ್ಲಿ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಯತ್ನಿಸಬೇಕು ಅಂತ ಸಂವಿಧಾನದ 45ನೇ ವಿಧಿ ಹೇಳಿತ್ತು. ಸರ್ಕಾರದ ಶಾಲೆಗಳು ಸಾಲುತ್ತಿರಲಿಲ್ಲ, ಹೆಗಲು ಕೊಟ್ಟವರು ಇಂಥವರು. ಖಾಸಗಿ ಶಾಲೆ ಅಂದರೆ ಎಸಿ ಬಸ್ಸು, ಡೊನೇಷನ್ ಅಂತ ಆಗಿದ್ದು ಆಮೇಲೆ.

ಇನ್ನೊಂದು ತಮಾಷೆ ಕೇಳಿ. 1954ರ ಜನವರಿಯಲ್ಲಿ ಬಾಂಬೆ ಸರ್ಕಾರ, ಇಂಗ್ಲಿಷ್ ಮನೆಮಾತಲ್ಲದ ಭಾರತೀಯ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿಕೊಳ್ಳಬೇಡಿ ಅಂತ ಆದೇಶ ಹೊರಡಿಸಿತ್ತು. ನಾಶಿಕ್ ಹತ್ತಿರದ ದೇವಳಾಲಿಯಲ್ಲಿ ಬಾರ್ನ್ಸ್ ಅನ್ನೋ ಇಂಗ್ಲಿಷ್ ಮಾಧ್ಯಮ ಶಾಲೆ ನಡೆಸುತ್ತಿದ್ದವರು ಕೋರ್ಟಿಗೆ ಹೋದರು. ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸರ್ಕಾರ ಸೋತಿತು. ಸರಿಯಾಗೇ ಆಯ್ತು. ಆದರೆ ಮಕ್ಕಳು ಇಂಗ್ಲಿಷ್ ಬಿಟ್ಟು ತಮ್ಮ ಭಾಷೆಯಲ್ಲೇ ಕಲಿಯಲಿ ಅಂತ ಅಷ್ಟು ಹಟ ಹಿಡಿದ ಸರ್ಕಾರದ ಕುರ್ಚಿ ಈಗ ನಿಮ್ಮದು. ನಾವು ಹಾಗೇ ಕಲಿಸ್ತೀವಿ ಅಂದರೆ ಟೀಚರ್ ಇಲ್ಲ! ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಿ ಅನ್ನೋ ಸಂವಿಧಾನದ 350ಎ ವಿಧಿಯನ್ನು ನಿಮಗೆ ನಾನು ಓದಿ ಹೇಳಬೇಕಾ?

ಆ ಗುಮಾಸ್ತರ ಮೇಲೆ ಕ್ರಮ ಬೇಡ. ನಮಗೆ ಟೀಚರ್ ಬೇಕು. ಹುದ್ದೆ ತುಂಬಿಸಿ. ಆಗಲ್ಲ ಅಂದರೆ ಆಗಲ್ಲ ಅಂತ ಬರೆದು ಸೀಲು ಹಾಕಿ ಕೊಡಿ. ಇನ್ನೊಂದು, 1953ರ ಕಾಗದ ಅವತ್ತಿನಿಂದ ನಿಮ್ಮ ಕಚೇರಿಯಲ್ಲೇ ಇದೆ. ಅದನ್ನಾದರೂ ವಾಪಸ್ ಕಳಿಸಿ.

ಇತಿ,
ಕನ್ನಡ ಶಾಲೆಯೊಂದರ ಲೆಕ್ಕ ಬರೆಯುವವ, ಮುಂಬೈ